ಉಸಿರಿನ ಅಂಜಿಕೆ, ನೆಲೆಯ ಅಂಜಿಕೆ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಈಜಿನ ವಿಚಾರವನ್ನು ಎತ್ತುವುದು ಮೇಲ್ನೋಟಕ್ಕೆ ಅಸಂಗತವೆನಿಸಬಹುದು. ವರ್ಷಕ್ಕೆ ಸುಮಾರು 550 ಮಿಲಿಮೀಟರಿನಷ್ಟು ಮಳೆಯನ್ನು ಕಾಣುವ ನೆಲ ಇದು. 2022ರ ಏಪ್ರಿಲಿನಲ್ಲಿ ಜಿಲ್ಲೆ ಇಬ್ಭಾಗವಾಗಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಎರಡೂ ಕಡೆ ಮುಗಿಲು ನೋಡುವ ಅಭ್ಯಾಸ ಮಾತ್ರ ಬದಲಾಗಲಿಲ್ಲ. ಆದರೆ ನೀರು ಅಪರೂಪವಾದ ಸೀಮೆಗೆ ನೀರಿನಿಂದ ಒದಗುವ ಅಪಾಯ ಕಡಿಮೆಯೆಂದು ಭಾವಿಸಲಾಗದು. ಹತ್ತಾರು ವರ್ಷ ಒಣಗಿ, ಹುಡುಗರ ಕ್ರಿಕೆಟ್ ಬಯಲಾಗಿದ್ದ ಕೆರೆಯಂಗಳ ಒಂದು ಮಳೆಗಾಲದಲ್ಲಿ ತುಂಬಿ ನಿಂತಾಗ, ಅದರ ದಡಕ್ಕೆ ಬರುವ ತಲೆಮಾರಿಗೆ ಈಜು ಬಂದಿರುವುದಿಲ್ಲ.

ಇಂಥ ವರ್ಷಗಳು ಈಚೆಗೆ ಬಂದುಹೋಗಿವೆ. 1933ರ ತರುವಾಯ ಒಮ್ಮೆಯೂ ಕೋಡಿ ಬೀಳದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಹರಿಯಿತು. ಆ ವೇದಾವತಿಯೇ ಕೆಳಗೆ ಹಗರಿಯೆನಿಸಿಕೊಂಡು, ಕಲ್ಯಾಣದುರ್ಗದವರಿಗೆ ಪರಿಚಿತವಾದ ಭೈರವಾನಿತಿಪ್ಪ ಜಲಾಶಯದ ಕಡೆಗೆ ಬರುತ್ತದೆ. ಹಿಂದೂಪುರದ ಕಡೆ ನಂದಿಬೆಟ್ಟದಲ್ಲಿ ಹುಟ್ಟಿದ ಪೆನ್ನೆಯೂ ದೇವರಾಯನದುರ್ಗದಿಂದ ಬರುವ ಜಯಮಂಗಲಿಯೂ ಕೂಡುತ್ತವೆ. ಇವೆರಡೂ ಮಳೆ ಬಂದರಷ್ಟೇ ನದಿಗಳು. ಇವುಗಳ ಜೊತೆಗೆ ಹಂದ್ರಿ–ನೀವಾ ಕಾಲುವೆ ಶ್ರೀಶೈಲದಿಂದ ಕೃಷ್ಣೆಯ ನೀರನ್ನು ಪೆನುಕೊಂಡೆಯ ಬಳಿಯ ಗೊಲ್ಲಪಲ್ಲಿ ಜಲಾಶಯದವರೆಗೆ ತಂದಿದೆ. ಹೀಗೆ ಬತ್ತಿದ ನಾಡಿನೊಳಗೆ ತೆರೆದ ನೀರು ಮತ್ತೆ ಕಾಣಿಸಿಕೊಂಡಿದೆ. ಅದರೊಳಗೆ ಮೊದಲ ಸಲ ಇಳಿಯುವವರ ಅಂಜಿಕೆ ಎಂಥದು, ಅದರಲ್ಲಿ ಕಳೆದುಕೊಳ್ಳಬೇಕಾದದ್ದು ಯಾವುದು, ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದು ವಿಚಾರಿಸತಕ್ಕ ವಿಷಯ.

ಹಿಂದಿನವರು ಈಜು ಕಲಿತದ್ದು ಕಪಿಲೆ ಬಾವಿಗಳಲ್ಲಿ. ಕಲ್ಲು ಕಟ್ಟಿದ ಚೌಕದ ಬಾವಿ, ನೀರಿನವರೆಗೆ ಇಳಿಯುವ ಮೆಟ್ಟಿಲು, ಬೆನ್ನಿಗೆ ಕಟ್ಟಿಕೊಂಡ ಒಣ ಸೋರೆಬುರುಡೆ ಅಥವಾ ಕತ್ತಾಳೆಯ ಬೆಂಡು, ಮೇಲೆ ಹಗ್ಗ ಹಿಡಿದ ಅಣ್ಣನೋ ಮಾವನೋ: ಇಷ್ಟೇ ಆ ಪಾಠಶಾಲೆ. ಕೊಳವೆಬಾವಿಗಳು ನೆಲದೊಳಗಿನ ನೀರನ್ನು ಆಳಕ್ಕೆ ಎಳೆದ ಮೇಲೆ ಅಂಥ ಬಾವಿಗಳು ಬತ್ತಿದವು. ಅವುಗಳೊಂದಿಗೆ ಈಜಿನ ಪಾಠವೂ ನಿಂತಿತು. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಹಳೆಯ ಪದ್ಧತಿಯಲ್ಲಿ ಒಂದು ಒರಟುತನವೂ ಇತ್ತೆಂಬುದನ್ನು ಮರೆಯಬಾರದು. ಹುಡುಗನನ್ನು ಬಾವಿಗೆ ನೂಕಿದರೆ ತಾನಾಗಿ ಕಲಿಯುತ್ತಾನೆಂಬ ಮಾತನ್ನು ಹಿರಿಯರು ಇಂದಿಗೂ ನಗುತ್ತ ಹೇಳುತ್ತಾರೆ. ಹಾಗೆ ಹೇಳುವವರೆಲ್ಲ ದಡ ಸೇರಿದವರೇ; ಸೇರದವರ ಕಥೆಯನ್ನು ಹೇಳುವವರು ಉಳಿದಿಲ್ಲ. ನೂಕಿಸಿಕೊಂಡು ಬದುಕಿದವರಲ್ಲೂ ಅನೇಕರು ಆಮೇಲೆ ಜೀವಮಾನವೆಲ್ಲ ನೀರಿನ ಹತ್ತಿರ ಸುಳಿಯದಿದ್ದುದುಂಟು.

ಕನ್ನಡದ 'ಈಸು', 'ಈಜು', ತೆಲುಗಿನ 'ಈದು', ತಮಿಳಿನ 'ನೀಂದು', ತುಳುವಿನ 'ನೀಂದುನಿ' ಇವೆಲ್ಲ ಒಂದೇ ಮೂಲದ ಮಾತುಗಳು. ಎಂದರೆ ಈ ಭಾಷೆಗಳು ಬೇರೆಯಾಗುವ ಮೊದಲೇ ಈ ಜನ ನೀರಿಗಿಳಿದಿದ್ದರು. ಕನ್ನಡದಲ್ಲಿ ಇನ್ನೊಂದು ಅರ್ಥಪೂರ್ಣವಾದ ಪದವಿದೆ: 'ನೆಲೆ'. ವಾಸಸ್ಥಾನವೂ ನೆಲೆಯೇ, ನೀರಿನಲ್ಲಿ ಕಾಲಿಗೆ ಸಿಗುವ ತಳವೂ ನೆಲೆಯೇ. ನೆಲೆ ಸಿಗುತ್ತಿಲ್ಲವೆಂಬ ಮಾತಿನಲ್ಲಿಯೇ ಹೊಸಬನ ಅರ್ಧ ಅಂಜಿಕೆ ಅಡಗಿದೆ. ಉಳಿದರ್ಧ ಉಸಿರಿಗೆ ಸಂಬಂಧಿಸಿದ್ದು. ಈ ಎರಡನ್ನೂ ಒಂದೇ ಎಂದು ತಿಳಿದು, ಧೈರ್ಯ ತಂದುಕೋ ಎಂಬ ಒಂದೇ ಔಷಧವನ್ನು ಎರಡಕ್ಕೂ ಕೊಡುವುದು ರೂಢಿ. ಅದು ಸರಿಯಲ್ಲ. ಉಸಿರಿನ ಅಂಜಿಕೆಯನ್ನು ಅಭ್ಯಾಸದಿಂದ ಕಳೆಯಬಹುದು, ಕಳೆಯಲೇಬೇಕು. ನೆಲೆಯ ಅಂಜಿಕೆ ಅನೇಕ ವೇಳೆ ವಿವೇಕವೇ ಆಗಿರುತ್ತದೆ.

ಮೊದಲನೆಯದನ್ನು ನೋಡೋಣ. ಎದೆಮಟ್ಟದ ನೀರಿಗೆ ಇಳಿದ ಕೂಡಲೆ ಹೊಸಬನು ಹೌಹಾರಿ ಒಂದು ದೊಡ್ಡ ಉಸಿರನ್ನು ಒಳಗೆಳೆಯುತ್ತಾನೆ, ಆಮೇಲಿನ ಉಸಿರುಗಳು ಗಿಡ್ಡವಾಗಿ, ಬೇಗಬೇಗನೆ ನಡೆಯುತ್ತವೆ, ಎದೆ ಹೊಡೆದುಕೊಳ್ಳುತ್ತದೆ. ಇದು ಹೇಡಿತನವಲ್ಲ. ಚರ್ಮ ಒಮ್ಮೆಲೇ ತಂಪಾದಾಗ ದೇಹ ತಾನಾಗಿ ತೋರುವ ಪ್ರತಿಕ್ರಿಯೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಅವರು ದಶಕಗಳ ಕಾಲ ಇದನ್ನೇ ಅಭ್ಯಸಿಸಿದವರು. ತಣ್ಣೀರಿನ ಈ ಹೊಡೆತ ಮೊದಲ ಒಂದೆರಡು ನಿಮಿಷಗಳಲ್ಲಿ ಜೋರಾಗಿದ್ದು ತಾನೇ ಇಳಿಯುತ್ತದೆಂದೂ, ಮೂರು ಮೂರು ನಿಮಿಷಗಳಂತೆ ಐದಾರು ಸಲ ನೀರಿಗಿಳಿದೆದ್ದರೆ ಅದರ ತೀವ್ರತೆ ಅರ್ಧದಷ್ಟು ಕುಗ್ಗುತ್ತದೆಂದೂ ಆ ಸಂಶೋಧನೆಗಳು ತೋರಿಸಿವೆ. ಅನಂತಪುರದ ಕೆರೆಗಳ ನೀರು ಇಂಗ್ಲೆಂಡಿನ ಕಡಲಿನಷ್ಟು ತಣ್ಣಗಿರದು, ಹೊಡೆತವೂ ಅಷ್ಟಿರದು. ಆದರೆ ಮಾರ್ಗಶಿರ, ಪುಷ್ಯಗಳ ಮುಂಜಾನೆಯ ಬಾವಿನೀರಿಗೆ ಇಳಿದವರಿಗೆ ಆ ಮೊದಲ ಉಸಿರಿನ ಪರಿಚಯವಿದೆ. ಆದ್ದರಿಂದ ಧುಮುಕದೆ ನಡೆದು ಇಳಿಯಬೇಕು. ಮುಖಕ್ಕೂ ಕುತ್ತಿಗೆಗೂ ನೀರು ಎರಚಿಕೊಳ್ಳಬೇಕು. ಉಸಿರು ಹದಕ್ಕೆ ಬರುವವರೆಗೆ ಏನನ್ನೂ ಮಾಡದೆ ನಿಂತಿರಬೇಕು. ಆ ಎರಡು ನಿಮಿಷ ಸುಮ್ಮನೆ ನಿಲ್ಲುವುದೇ ಮೊದಲ ಪಾಠ. ಅದು ಪಾಠವೆಂದು ಯಾರಿಗೂ ತೋರುವುದಿಲ್ಲವಾದ್ದರಿಂದ ಯಾರೂ ಕಲಿಸುವುದಿಲ್ಲ.

ಉಸಿರು ಕಟ್ಟಿದಂತಾಗುವ ಅನುಭವಕ್ಕೂ ಒಂದು ಕಾರಣವಿದೆ. ಅಂಜಿದವನು ಮುಖವನ್ನು ನೀರಿಗಿಟ್ಟಾಗ ಉಸಿರನ್ನು ಬಿಗಿಹಿಡಿಯುತ್ತಾನೆ. ಉಸಿರು ಬೇಕೆಂಬ ತಹತಹವನ್ನು ದೇಹದಲ್ಲಿ ಎಬ್ಬಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಹೆಚ್ಚಾಗುವ ಇಂಗಾಲದ ಡೈಆಕ್ಸೈಡು. ಒಳಗಿನದನ್ನು ಹೊರಗೆ ಬಿಡದೆ ತಲೆಯೆತ್ತಿದವನಿಗೆ ಹೊಸ ಗಾಳಿಗೆ ಎದೆಯಲ್ಲಿ ಜಾಗವೇ ಇರುವುದಿಲ್ಲ. ಒಂದೇ ಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಮಾಡಹೋಗಿ ನೀರು ನುಂಗುತ್ತಾನೆ. ಆದಕಾರಣ ಉಸಿರನ್ನು ನೀರಿನೊಳಗೇ ಬಿಡಬೇಕು, ನಿಧಾನವಾಗಿ, ಮೂಗು ಬಾಯಿಗಳಿಂದ ಗುಳ್ಳೆಗಳೇಳುವಂತೆ. ತಲೆ ಹೊರಳಿಸಿದಾಗ ಎಳೆಯುವ ಕೆಲಸವೊಂದೇ ಉಳಿಯಬೇಕು. ಇದನ್ನು ಕಲಿಯಲು ಕೆರೆಯೇ ಬೇಕಾಗಿಲ್ಲ. ಹಿತ್ತಿಲಲ್ಲಿ ಒಂದು ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ಮುಖವಿಟ್ಟು ಗುಳ್ಳೆ ಬಿಡುವ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷದಂತೆ ಮಾಡಿದರೂ ಸಾಕು. ನೋಡಿದವರು ನಕ್ಕರೆ ನಗಲಿ.

ಉಸಿರು ಹದವಾದ ಮೇಲೆ ತೇಲುವುದು. ಎದೆತುಂಬ ಗಾಳಿಯಿರುವ ಮನುಷ್ಯದೇಹದ ಸಾಂದ್ರತೆ ನೀರಿಗಿಂತ ಕೊಂಚ ಕಡಿಮೆ. ಗಾಳಿಯನ್ನು ಪೂರ್ತಿ ಬಿಟ್ಟಾಗ ಕೊಂಚ ಹೆಚ್ಚು. ಅಂತರ ಅಷ್ಟು ಸಣ್ಣದು. ಹೀಗಿರುವಾಗ ಅಂಜಿದವನು ಮಾಡುವ ಕೆಲಸವೇನು? ತಲೆಯನ್ನು ಸಾಧ್ಯವಾದಷ್ಟು ಮೇಲಕ್ಕೆತ್ತುತ್ತಾನೆ. ತಲೆಯ ತೂಕ ನಾಲ್ಕರಿಂದ ಐದು ಕಿಲೋ. ನೀರಿನಲ್ಲಿದ್ದಾಗ ಆ ತೂಕವನ್ನು ನೀರು ಹೊರುತ್ತದೆ. ಹೊರಗೆತ್ತಿದಾಗ ಅಷ್ಟನ್ನೂ ಕೈಕಾಲುಗಳು ಹೊರಬೇಕು. ತಲೆ ಮೇಲೇರಿದಂತೆ ಕಾಲು ಕೆಳಗಿಳಿಯುತ್ತದೆ. ದೇಹ ನೀರಿನಲ್ಲಿ ಮಲಗುವ ಬದಲು ನಿಲ್ಲುತ್ತದೆ. ಕಾಲು ತಾನಾಗಿ ಇಳಿದುದನ್ನು ಯಾರೋ ಎಳೆದರೆಂದು ಭಾವಿಸಿದವರೂ ಇದ್ದಾರೆ. ಹಿಂದಿನವರ ಸೋರೆಬುರುಡೆಯ ಮರ್ಮ ಇಲ್ಲಿದೆ. ಮೂರು ಲೀಟರ್ ಗಾತ್ರದ, ಅರ್ಧ ಕಿಲೋ ತೂಗುವ ಒಣ ಬುರುಡೆ ನೀರಿನಲ್ಲಿ ಎರಡೂವರೆ ಕಿಲೋದಷ್ಟು ಭಾರವನ್ನು ಎತ್ತಿಹಿಡಿಯುತ್ತದೆ. ಅಂಥ ಎರಡು ಬುರುಡೆ ಕಟ್ಟಿಕೊಂಡರೆ ಎತ್ತಿದ ತಲೆಯ ಭಾರಕ್ಕೆ ಸರಿಹೋಯಿತು. ಆರ್ಕಿಮಿಡೀಸನನ್ನು ಓದದವರು ಕಂಡುಕೊಂಡ ಲೆಕ್ಕವಿದು.

ಬುರುಡೆಯಿಲ್ಲದೆ ತೇಲಬೇಕಾದರೆ ಅಂಗಾತ ಮಲಗಿ, ಕಿವಿಗಳು ನೀರೊಳಗೆ ಮುಳುಗುವವರೆಗೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಕೈಗಳನ್ನು ಅಗಲಿಸಿ, ಹೊಟ್ಟೆಯನ್ನು ಮುಗಿಲಿಗೆತ್ತಬೇಕು. ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆ ತನ್ನ ಕಡಲತೀರಗಳಲ್ಲಿ ಸಾರುತ್ತಿರುವ ಉಪದೇಶವೂ ಇದೇ: ಆಕಸ್ಮಿಕವಾಗಿ ನೀರಿಗೆ ಬಿದ್ದಾಗ ಈಜಹೋಗಬೇಡಿ, ಮೊದಲು ತೇಲಿ. ಸಪೂರ ಮೈಯ ಹುಡುಗರ ಕಾಲುಗಳು ಹೀಗೆ ಮಲಗಿದಾಗಲೂ ಕೆಳಗಿಳಿಯುತ್ತವೆ. ಅದರಿಂದ ಗಾಬರಿಯಾಗಬೇಕಾಗಿಲ್ಲ, ಕಾಲು ಇಳಿದರೂ ಮೂಗು ಬಾಯಿಗಳು ಮೇಲೆಯೇ ಉಳಿಯುತ್ತವೆ. ತಾನು ಏನೂ ಮಾಡದಿದ್ದಾಗಲೂ ನೀರು ತನ್ನನ್ನು ಹೊತ್ತಿದೆಯೆಂಬುದು ಒಮ್ಮೆ ಮೈಗೆ ತಿಳಿದ ಬಳಿಕ ಅಂಜಿಕೆಯ ಬಹುಭಾಗ ಕಳಚುತ್ತದೆ. ಬುದ್ಧಿಗೆ ತಿಳಿದರೆ ಸಾಲದು.

ಈಜುಕೊಳದಲ್ಲಿ ಇಷ್ಟನ್ನು ಕಲಿತವರು ತೆರೆದ ನೀರಿಗೆ ಬಂದಾಗ ಮತ್ತೆ ಹೊಸಬರಾಗುತ್ತಾರೆ. ಅಲ್ಲಿ ಇಪ್ಪತ್ತೈದು ಮೀಟರಿಗೊಂದು ಗೋಡೆಯಿತ್ತು, ತಳದಲ್ಲಿ ಕಪ್ಪು ಗೆರೆಯಿತ್ತು. ಇಲ್ಲಿ ಕೆಮ್ಮಣ್ಣು ಕದಡಿದ ನೀರಿನಲ್ಲಿ ತನ್ನ ಕೈ ತನಗೇ ಕಾಣದು. ಬೇಸಗೆಯಲ್ಲಿ ಮೇಲಿನ ನೀರು ಬೆಚ್ಚಗಿದ್ದು ಕೆಳಗಿನ ಪದರ ತಣ್ಣಗಿರುವುದರಿಂದ, ಕಾಲು ಇಳಿಬಿಟ್ಟಾಗ ಒಮ್ಮೆಗೇ ಚಳಿ ತಟ್ಟುತ್ತದೆ. ಜೊಂಡಿನ ಎಳೆಯೊಂದು ಪಾದಕ್ಕೆ ತಗಲುತ್ತದೆ. ಇವೆರಡೂ ನಿರುಪದ್ರವಿಗಳೇ, ಆದರೆ ಕೆರೆಯ ಬಗೆಗೆ ನಾಡಿನ ಮನಸ್ಸಿನಲ್ಲಿ ನೆಲೆಸಿರುವ ಕಥೆಗಳು ಆ ಕ್ಷಣದಲ್ಲಿ ಎಚ್ಚರಗೊಳ್ಳುತ್ತವೆ. ಕೆರೆಗೆ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿಕೊಟ್ಟ 'ಕೆರೆಗೆ ಹಾರ'ದ ಕಥನಗೀತೆ ಕನ್ನಡಿಗರಿಗೆಲ್ಲ ಗೊತ್ತು. ಅನಂತಪುರದ ಮಗ್ಗುಲಿನ ಬುಕ್ಕರಾಯಸಮುದ್ರದಲ್ಲಿ ಒಡೆಯುತ್ತಿದ್ದ ಏರಿಯನ್ನು ಉಳಿಸಲು ಮುಸಲಮ್ಮ ಪ್ರಾಣವಿತ್ತಳೆಂಬ ಐತಿಹ್ಯವನ್ನು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ತೆಲುಗಿನಲ್ಲಿ 'ಮುಸಲಮ್ಮ ಮರಣಮು' ಎಂಬ ಕಾವ್ಯವಾಗಿಸಿದರು. (ಮೈಸೂರಿನ ಮಹಾರಾಜಾ ಕಾಲೇಜಿನೊಂದಿಗೂ ನಂಟಿದ್ದ ರೆಡ್ಡಿಯವರು ಮುಂದೆ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು.) ಎರಡು ಭಾಷೆಗಳಲ್ಲೂ ಕೆರೆ ಬಲಿ ಬೇಡುತ್ತದೆ, ಎರಡರಲ್ಲೂ ಬಲಿಯಾಗುವವಳು ಸೊಸೆಯೇ. ಇಂಥ ಕಥೆಗಳ ನಡುವೆ ಬೆಳೆದವರಿಗೆ ಕಾಲಿಗೆ ತಗಲಿದ ಜೊಂಡು ಬರಿಯ ಜೊಂಡಾಗಿ ತೋರದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಇದಕ್ಕೆ ಪರಿಹಾರ ದಡಕ್ಕೆ ಸಮಾನಾಂತರವಾಗಿ ಈಜುವುದು. ಕೆರೆಯ ನಡುವಿಗೆ ಹೋಗಿ ಬರುವುದೇ ಈಜೆಂಬ ಭ್ರಮೆ ಹೊಸಬರಿಗಿರುತ್ತದೆ. ಎದೆಮಟ್ಟದ ನೀರಿರುವ ಅಂಚನ್ನು ಹಿಡಿದು ಇನ್ನೂರು ಮೀಟರ್ ಹೋದರೂ ದೂರ ದೂರವೇ. ಬೇಕೆಂದಾಗ ನಿಲ್ಲಲು ನೆಲೆಯುಂಟು. ದಿಕ್ಕು ತಪ್ಪದಿರಲು ಗುಡಿಯ ಗೋಪುರ, ಒಂಟಿ ಬಂಡೆ, ತಾಳೆಮರ ಇಂಥದೊಂದು ಎತ್ತರದ ಗುರುತನ್ನು ನೀರಿಗಿಳಿಯುವ ಮೊದಲೇ ನೋಡಿಟ್ಟುಕೊಳ್ಳಬೇಕು. ಏಳೆಂಟು ಸಲ ಕೈಬೀಸಿದ ಮೇಲೊಮ್ಮೆ ಮೊಸಳೆಯಂತೆ ಕಣ್ಣುಗಳನ್ನಷ್ಟೇ ಮೇಲೆತ್ತಿ ಆ ಗುರುತನ್ನು ನೋಡಿ, ಉಸಿರನ್ನು ಎಂದಿನಂತೆ ಪಕ್ಕಕ್ಕೆ ಹೊರಳಿ ತೆಗೆದುಕೊಳ್ಳಬೇಕು. ಗಾಬರಿಯಾದರೆ ಅಂಗಾತನಾಗಿ ತೇಲಿ, ಉಸಿರು ಮರಳುವವರೆಗೆ ಕಾಯಬಹುದು. ಹಾಗೆ ಕಾದವನು ಸೋತಂತೆ ಅಲ್ಲ. ಈಜುವವರ ಮೈ ನೀರಿನಲ್ಲೂ ಬೆವರುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ರನ್ನನ ದುರ್ಯೋಧನನು ವೈಶಂಪಾಯನ ಸರೋವರದೊಳಗೆ ಬೆವರಿದ್ದು ಭೀಮನ ಮೂದಲಿಕೆಯಿಂದ ಕೆರಳಿ, ಸಾಮಾನ್ಯರು ಬೆವರುವುದು ಬರಿಯ ದಣಿವಿನಿಂದ. ದಡದಲ್ಲಿ ಕುಡಿಯುವ ನೀರಿರಲಿ.

ಅಂಜಿಕೆಯಿದ್ದೂ ತೆರೆದ ನೀರನ್ನು ಗೆದ್ದವರ ಚರಿತ್ರೆ ಉದ್ದವಾಗಿದೆ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಈಜಿನ ಪಂದ್ಯಗಳು ನಡೆದದ್ದು ಪಿರೇಯಸ್ಸಿನ ಬಳಿಯ ಕೊಲ್ಲಿಯಲ್ಲಿ, ಕೊರೆಯುವ ಚಳಿಯ ನೀರಿನಲ್ಲಿ. ಎರಡು ಪಂದ್ಯಗಳನ್ನು ಗೆದ್ದ ಹಂಗೇರಿಯ ಆಲ್ಫ್ರೆಡ್ ಹಾಯೋಶ್, ತಾನು ಹದಿಮೂರು ವರ್ಷದವನಾಗಿದ್ದಾಗ ತಂದೆ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡದ್ದರಿಂದ ಈಜು ಕಲಿತವನು. ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಈಜಿದ ಬೆಂಗಳೂರಿನ ನಿಶಾ ಮಿಲೆಟ್ ಐದನೆಯ ವಯಸ್ಸಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾಗಿ ನೀರೆಂದರೆ ಹೆದರುತ್ತಿದ್ದವರು. ಕಲ್ಕತ್ತೆಯ ಆರತಿ ಸಾಹಾ ಅವರ ಪ್ರಸಂಗ ಇನ್ನೂ ಬೋಧಪ್ರದವಾದುದು. 1959ರ ಆಗಸ್ಟ್ 27ರಂದು ಇಂಗ್ಲಿಷ್ ಕಾಲುವೆಗೆ ಇಳಿದ ಅವರು ಹದಿನಾಲ್ಕು ಗಂಟೆಗೂ ಮೀರಿ ಈಜಿ, ದಡ ಇನ್ನು ಕೆಲವೇ ಮೈಲಿ ಇರುವಾಗ ಎದುರು ಸೆಳವಿನಿಂದಾಗಿ ಪ್ರಯತ್ನವನ್ನು ಕೈಬಿಡಬೇಕಾಯಿತು. ಸೆಪ್ಟೆಂಬರ್ 29ರಂದು ಮತ್ತೆ ಇಳಿದು 16 ಗಂಟೆ 20 ನಿಮಿಷಗಳಲ್ಲಿ ದಾಟಿದರು. ಆ ಸಾಧನೆ ಮಾಡಿದ ಏಷ್ಯದ ಮೊದಲ ಮಹಿಳೆಯೆನಿಸಿದರು. ಆಗಸ್ಟಿನಲ್ಲಿ ಹಿಂದಿರುಗದಿದ್ದರೆ ಸೆಪ್ಟೆಂಬರ್ ಇರುತ್ತಿರಲಿಲ್ಲ.

ಇನ್ನು ನೆಲೆಯ ಅಂಜಿಕೆ. ಕಡಪದ ಪೋರುಮಾಮಿಳ್ಳದ 1369ರ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಎಣಿಸುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವುದೂ ಆ ದೋಷಗಳಲ್ಲೊಂದು; ಗಡಿನಾಡಿನ ಓದುಗರು ನಕ್ಕು ಮುಂದೆ ಹೋಗಬಹುದು. ಇಂದು ಅದನ್ನು ಬರೆದರೆ ಏಳನೆಯ ದೋಷವೊಂದನ್ನು ಸೇರಿಸಬೇಕಾಗುತ್ತದೆ: ಮಣ್ಣು ಬಗೆದ ಗುಂಡಿ. ಬರದ ವರ್ಷಗಳಲ್ಲಿ ಇಟ್ಟಿಗೆಗೂ ಹೊಲಕ್ಕೂ ಕೆರೆಯ ಮಣ್ಣನ್ನು ಯಂತ್ರಗಳಿಂದ ಬಗೆದು ಒಯ್ಯುತ್ತಾರೆ. ಗುಂಡಿಗಳ ಅಂಚು ಗೋಡೆಯಂತೆ ಕಡಿದಾಗಿರುತ್ತದೆ. ನೀರು ತುಂಬಿದಾಗ ಮೇಲಿನಿಂದ ಎಲ್ಲವೂ ಒಂದೇ ಸಮ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಯಲ್ಲಿ ಎರಡಾಳು ಆಳಕ್ಕೆ ಇಳಿಯುತ್ತಾನೆ. ಮರಳು ತೆಗೆದ ನದೀಪಾತ್ರಗಳ ಸ್ಥಿತಿಯೂ ಇದೇ. ನಿಧಾನವಾಗಿ ಆಳವಾಗುವ ಹಳೆಯ ಕೆರೆಯಂಗಳವನ್ನು ಕಂಡ ಹಿರಿಯರ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು. ಕೆರೆ ಒಣಗಿದ್ದಾಗ ಅದರಲ್ಲಿ ಕುರಿ ಮೇಯಿಸಿದವರನ್ನು ಕೇಳಬೇಕು. ಗುಂಡಿ ಎಲ್ಲಿದೆಯೆಂಬುದು ಅವರಿಗೆ ಗೊತ್ತು.

ತೂಬು ತೆರೆದಿರುವಾಗ ಅದರ ಸಮೀಪ ಸುಳಿಯಬಾರದು. ಮೇಲೆ ನೀರು ನಿಶ್ಚಲವಾಗಿ ಕಂಡರೂ ಒಳಗಿನ ಎಳೆತ ಮನುಷ್ಯನ ಬಲಕ್ಕೆ ಮೀರಿದ್ದು. ಕೋಡಿ ಹರಿಯುವಾಗ ಅದರ ಕಟ್ಟೆಯ ಮೇಲೆ ನಡೆಯುವುದೂ ಹಾಗೆಯೇ, ಪಾಚಿಗಟ್ಟಿದ ಕಲ್ಲು ಕಾಲು ನಿಲ್ಲಗೊಡದು. ಮೆಟ್ಟಿಲಿಲ್ಲದ ಬಾವಿಗೆ ಇಳಿಯುವುದು ಸುಲಭ, ಏರುವುದು ಹೇಗೆಂಬುದನ್ನು ಮೇಲಿರುವಾಗಲೇ ಯೋಚಿಸಬೇಕು. ಇಂಥ ಕಡೆ ಅಂಜುವವನನ್ನು ಹೀಯಾಳಿಸುವ ಗೆಳೆಯರಿಗಿಂತ ಆ ಅಂಜಿಕೆಯೇ ಮೇಲು.

ಹುಡುಗರಲ್ಲಿ ಒಂದು ಪಂತವುಂಟು: ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು. ಗೆಲ್ಲಲು ಮೊದಲು ಜೋರುಜೋರಾಗಿ ಹತ್ತಿಪ್ಪತ್ತು ಉಸಿರೆಳೆಯುವ ಉಪಾಯವೂ ಉಂಟು. ಹಾಗೆ ಮಾಡಿದಾಗ ಇಂಗಾಲದ ಡೈಆಕ್ಸೈಡು ಕುಗ್ಗಿ, ಉಸಿರು ಬೇಕೆಂಬ ಎಚ್ಚರಿಕೆ ತಡವಾಗುತ್ತದೆ. ಆಮ್ಲಜನಕ ತೀರಿ, ತಹತಹವೇ ಇಲ್ಲದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜಬಲ್ಲವರೂ ಹೀಗೆ ಸತ್ತಿದ್ದಾರೆ. ಉಸಿರಿನ ಅಂಜಿಕೆಯನ್ನು ಕಳೆಯುವುದೆಂದರೆ ಉಸಿರನ್ನು ಕಟ್ಟುವುದಲ್ಲ.

ಹೆಣ್ಣುಮಕ್ಕಳ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. ನೀರು ತರಲು, ಬಟ್ಟೆ ಒಗೆಯಲು, ದನ ತೊಳೆಯಲು ನೀರಿನ ಅಂಚಿಗೆ ಹೆಚ್ಚು ಸಲ ಹೋಗುವವರು ಅವರು. ಬಾವಿಗೆ ಬುರುಡೆ ಕಟ್ಟಿ ಇಳಿಸಿದ್ದು ಮಾತ್ರ ಅಣ್ಣತಮ್ಮಂದಿರನ್ನು. ಲಜ್ಜೆಯ ಹೆಸರಿನಲ್ಲಿ ನಡೆದುಬಂದ ಈ ಭೇದಕ್ಕೆ ಪ್ರಾಣದ ಬೆಲೆ ತೆತ್ತವರಿದ್ದಾರೆ. ಉಟ್ಟ ಬಟ್ಟೆಯಲ್ಲಿಯೇ ಅಂಗಾತ ತೇಲುವುದನ್ನಾದರೂ ಪ್ರತಿಯೊಬ್ಬ ಹುಡುಗಿಗೂ ಕಲಿಸಬೇಕು. ನೆನೆದ ಬಟ್ಟೆ ನೀರೊಳಗಿರುವಾಗ ಜನ ಭಾವಿಸುವಷ್ಟು ಭಾರವಲ್ಲ; ಹೊರಗೇರುವಾಗಲೇ ಅದರ ಭಾರ ತಿಳಿಯುವುದು. ಆದರೆ ಸೀರೆ, ಲಂಗಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಅಂಗಾತ ತೇಲುವುದಕ್ಕೆ ಕಾಲುಗಳ ಬಡಿತ ಬೇಕಾಗಿಲ್ಲವೆಂಬುದು ಇಲ್ಲಿ ಉಪಕಾರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗಡೆಯ ಸಾವುಗಳನ್ನು ತಡೆಯುವ ದಿನವೆಂದು ಘೋಷಿಸಿತು. ಈ ಸಾವುಗಳಲ್ಲಿ ಬಹಳಷ್ಟು ಇತರರ ಕಣ್ಣೆದುರಿಗೇ ನಡೆಯುತ್ತವೆ, ಏಕೆಂದರೆ ಮುಳುಗುವವನು ಚಲನಚಿತ್ರಗಳಲ್ಲಿರುವಂತೆ ಕೈಬೀಸಿ ಕೂಗುವುದಿಲ್ಲ. ಕೂಗಲು ಬೇಕಾದ ಉಸಿರು ಅವನಲ್ಲಿರುವುದಿಲ್ಲ. ಅಮೆರಿಕದ ಜೀವರಕ್ಷಕ ಫ್ರಾನ್ಸೆಸ್ಕೊ ಪಿಯ ಅವರು ಗಮನಿಸಿ ದಾಖಲಿಸಿದಂತೆ, ಮುಳುಗುವವನು ನೆಟ್ಟಗೆ ನಿಂತ ಭಂಗಿಯಲ್ಲಿ ಕೈಗಳಿಂದ ನೀರನ್ನು ಕೆಳಕ್ಕೆ ಒತ್ತುತ್ತ, ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಬೀಳುತ್ತ, ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಳುಗುತ್ತಾನೆ. ಕಲಿಯುವವರ ಮೇಲೆ ದಡದಲ್ಲಿ ಒಬ್ಬರು ಕಣ್ಣಿಟ್ಟೇ ಇರಬೇಕೆಂಬುದು ಇದರಿಂದ. ಹರಟೆ, ಮೊಬೈಲು ಯಾವುದೂ ಆ ಹೊತ್ತಿನಲ್ಲಿ ಸಲ್ಲದು. ಮುಳುಗುವವನನ್ನು ಕಂಡು ಈಜು ಬಾರದವರು ಹಾರಿದರೆ ಎರಡು ಹೆಣಗಳಾಗುತ್ತವೆ. ಬಂದವರು ಹಾರಿದರೂ ಅವನು ಕುತ್ತಿಗೆಗೆ ತೆಕ್ಕೆಬೀಳುತ್ತಾನೆ. ದಡದಲ್ಲಿಯೇ ನಿಂತು ಹಗ್ಗ, ಸೀರೆ, ಉದ್ದನೆಯ ಬಿದಿರುಗಳವನ್ನು ಚಾಚಬೇಕು. ಅದಾವುದೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಖಾಲಿ ನೀರಿನ ಡಬ್ಬವನ್ನು ಎಸೆಯಬೇಕು. ಐದು ಲೀಟರಿನ ಡಬ್ಬ ಎರಡು ಸೋರೆಬುರುಡೆಗಳಷ್ಟು ಭಾರ ಹೊರುತ್ತದೆ, ಇಪ್ಪತ್ತು ಲೀಟರಿನದು ನಾಲ್ಕು ಜನರ ತಲೆಗಳನ್ನು ನೀರಿನ ಮೇಲಿರಿಸುತ್ತದೆ. ಈ ಸೀಮೆಯಲ್ಲಿ ಕುಡಿಯುವ ನೀರು ಅಂಥ ಡಬ್ಬಗಳಲ್ಲಿಯೇ ಮನೆಮನೆಗೆ ಬರುತ್ತದೆ.